ಎಮ್ಮೆ ಕೊಟ್ಟಿಗೆಗೆ ಹೋದ ಚಾರ್ಜಿಂಗ್ ತಟ್ಟೆ

ನಮ್ಮ ಅತ್ತೆಯ ಎದೆಯೊಳಗೆ ಒಂದು ಡಬ್ಬಿ ಇದೆ. ದವಾಖಾನೆಯವರು ಅದನ್ನು ಪೇಸ್‌ಮೇಕರ್ ಅನ್ನುತ್ತಾರೆ, ಅತ್ತೆ ಡಬ್ಬಿ ಅನ್ನುತ್ತಾರೆ, ಹಾಗಾಗಿ ಗಜೇಂದ್ರಗಡದ ನಮ್ಮ ಓಣಿಯೆಲ್ಲ ಡಬ್ಬಿ ಅನ್ನುತ್ತದೆ. ಎದೆಬಡಿತ ತೀರಾ ನಿಧಾನವಾಗಿ, ನಡೆಯುತ್ತಿದ್ದವರು ನಿಂತಲ್ಲೇ ಕುಸಿಯತೊಡಗಿದಾಗ ಹುಬ್ಬಳ್ಳಿಗೆ ಕರೆದೊಯ್ದೆವು. ಅಲ್ಲಿ ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ ಅದನ್ನು ಕೂರಿಸಿದರು. ಬಡಿತ ತಪ್ಪಿದಾಗ ಅದು ಸಣ್ಣಗೆ ತಿವಿದು ನೆನಪಿಸುತ್ತದಂತೆ, ನೆಟ್ಟಗಿದ್ದಾಗ ಸುಮ್ಮನೆ ಕೇಳಿಸಿಕೊಂಡಿರುತ್ತದಂತೆ. ಇದನ್ನು ಕೇಳಿದ ಅತ್ತೆ, "ಹಂಗಾದ್ರ ನನ್ನ ಸೊಸಿಗಿಂತ ಚಲೋ ಐತಿ ಬಿಡ್ರಿ, ಬೇಕಾದಾಗಷ್ಟ ಬಾಯಿ ತೆಗೀತೈತಿ" ಅಂದರು. ಡಾಕ್ಟರು, ನರ್ಸು, ಕಸ ಹೊಡೆಯುವವಳು ಎಲ್ಲರೂ ನನ್ನ ಮುಖ ನೋಡಿ ನಕ್ಕರು.

ನಾನು ನರಗುಂದದ ಅಡತಿ ಅಂಗಡಿಯವರ ಮಗಳು. ಹತ್ತಿ, ಕಡಲೆ, ಗೋವಿನಜೋಳದ ಲಿಲಾವು ಕೇಳುತ್ತಾ ಬೆಳೆದವಳ ಬಾಯಿ ಸಣ್ಣದಿರಲು ಹೇಗೆ ಸಾಧ್ಯ? ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಗೆ ನನ್ನ ಬಾಯಿ ಸೇರಲಿಲ್ಲ, ನನಗೆ ಅವರ ಮಗ್ಗದ ಖಟಖಟ ಸೇರಲಿಲ್ಲ. ಬರುಬರುತ್ತಾ ಇಬ್ಬರಿಗೂ ಇನ್ನೊಬ್ಬರ ಸದ್ದಿಲ್ಲದಿದ್ದರೆ ಊಟ ರುಚಿಸದಂತಾಯಿತು.

ದವಾಖಾನೆಯಿಂದ ಬಿಟ್ಟ ದಿನ ಡಾಕ್ಟರಮ್ಮ ಅತ್ತೆಗೆ ಹಲವು ಮಾತು ಹೇಳಿ ಕಳಿಸಿದರು. ಎಡಗೈ ಕೆಲ ದಿನ ಮೇಲೆತ್ತಬಾರದು. ಅಯಸ್ಕಾಂತ ಇರುವ ಸಾಮಾನು, ಫೋನು, ಇವನ್ನೆಲ್ಲ ಡಬ್ಬಿಯಿಂದ ಒಂದು ಗೇಣು ದೂರ ಇಡಬೇಕು. ಫೋನಿನಲ್ಲಿ ಮಾತಾಡುವಾಗ ಬಲಗಿವಿಗೇ ಹಿಡಿಯಬೇಕು. ಇದಿಷ್ಟರಲ್ಲಿ ಅತ್ತೆಯ ತಲೆಯಲ್ಲಿ ಉಳಿದದ್ದು ಬಲಗಿವಿಯ ಮಾತು. ಅದನ್ನು ಮಾತ್ರ ವ್ರತ ಹಿಡಿದವರ ಹಾಗೆ ನಡೆಸಿದರು. ಯಾರಾದರೂ ಮರೆತು ಎಡಗಿವಿಯ ಹತ್ತಿರ ಫೋನು ಹಿಡಿದರೆ, "ಏ, ನನ್ನ ಡಬ್ಬಿ ಕೆಡಸ್ತಿಯೇನ!" ಎಂದು ಗದರಿಸುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಮಗ್ಗಕ್ಕೆ ಕೂರಬಹುದು ಎಂದು ಒಪ್ಪಿಗೆ ಸಿಕ್ಕಿತು. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಡಿಯ ಹಲಗೆ ತುಳಿಯುತ್ತಾ, ಮುಂದಕ್ಕೆ ಬಾಗಿ ಲಾಳಿ ಎಸೆದು ನೇಯಬೇಕು. ಅತ್ತೆ ಪಟ್ಟೇದ ಅಂಚಿನ ಸೀರೆ ನೇಯುತ್ತಾರೆ. ಮೊದಲ ದಿನ ಕುಣಿಗಿಳಿದವರು ಮಧ್ಯಾಹ್ನ ಊಟಕ್ಕೆ ಕರೆದರೂ ಮೇಲೆ ಬರಲಿಲ್ಲ. ಕಡೆಗೆ ರೊಟ್ಟಿ, ಹೆಸರುಕಾಳು ಪಲ್ಯೆ ತಟ್ಟೆಗೆ ಹಾಕಿ ನಾನೇ ಕುಣಿಯ ದಂಡೆಗೆ ಒಯ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಗಿನ ತುದಿಯ ಮೇಲೆ ಬೆವರು ಹನಿಸಿಕೊಂಡು ಕೂತ ಅವರನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಬೈಯುವುದನ್ನೇ ಮರೆತೆ.

ತಾಪತ್ರಯ ಶುರುವಾದದ್ದು ಅವರ ಹಳೆಯ ಫೋನಿನಿಂದ. ಮಗ್ಗದ ಕೋಣೆಯಲ್ಲಿ ನೂಲಿನ ಧೂಳು ಹಾರುತ್ತಲೇ ಇರುತ್ತದೆ. ಅದೆಲ್ಲ ಫೋನಿನ ಚಾರ್ಜಿಂಗ್ ತೂತಿನೊಳಗೆ ಹೋಗಿ ಕೂತು, ಪಿನ್ನು ಒಳಗೇ ಹೋಗುತ್ತಿರಲಿಲ್ಲ. ಸೂಜಿ ತೆಗೆದುಕೊಂಡು ಕೆದಕಿದರೆ ಸಣ್ಣ ಹತ್ತಿ ಉಂಡೆಯೇ ಬರುತ್ತಿತ್ತು. "ಇನ್ನಷ್ಟು ತೆಗಿ, ಒಂದು ಬತ್ತಿ ಆಕ್ಕೇತಿ, ದೇವರಿಗೆ ದೀಪ ಹಚ್ಚೂಣು" ಅನ್ನುತ್ತಿದ್ದರು ಅತ್ತೆ. ಹೀಗೆ ಕೆದಕಿ ಕೆದಕಿ ಆ ತೂತು ಸತ್ತೇಹೋಯಿತು.

ಆಗ ರೋಣದಿಂದ ನನ್ನ ನಾದಿನಿ ಬಂದಳು. ಅತ್ತೆಯ ಒಬ್ಬಳೇ ಮಗಳು, ರೋಣದ ಕಿರಾಣಿ ವ್ಯಾಪಾರಿಯ ಮನೆಗೆ ಕೊಟ್ಟವಳು, ಕೈ ಧಾರಾಳ. ತಾಯಿಗೆಂದು ದೊಡ್ಡದೊಂದು ಹೊಸ ಫೋನು, ಜೊತೆಗೆ ಹಪ್ಪಳದಷ್ಟಗಲದ ಬಿಳಿ ತಟ್ಟೆಯೊಂದನ್ನು ತಂದಳು. ಫೋನಿಗೆ ವಯರೇ ಬೇಡ, ತಟ್ಟೆಯ ಮೇಲೆ ಇಟ್ಟರೆ ಸಾಕು. ಫೋನಿನ ಬೆನ್ನಲ್ಲೂ ಕವರಿನಲ್ಲೂ ಅಯಸ್ಕಾಂತದ ಬಳೆ ಇತ್ತು. ಹತ್ತಿರ ಒಯ್ದರೆ ಸಾಕು, ಫೋನು ತಾನೇ ಜಾಗ ಹುಡುಕಿಕೊಂಡು ತಟ್ಟೆಗೆ ಟಪ್ಪೆಂದು ಕಚ್ಚಿಕೊಳ್ಳುತ್ತಿತ್ತು.

ಆ ಟಪ್ಪಿಗೆ ನಮ್ಮ ಮನೆ ಹುಚ್ಚೆದ್ದು ಹೋಯಿತು ಎಂದರೆ ಸುಳ್ಳಲ್ಲ. ಅತ್ತೆ ತೆಗೆದರು, ಇಟ್ಟರು, ಟಪ್. ತೆಗೆದರು, ಇಟ್ಟರು, ಟಪ್. ಸೀರೆ ಅಂಗಡಿ ಇಟ್ಟಿರುವ, ಮೀಸೆ ತಿರುವಿಕೊಂಡು ಓಡಾಡುವ ನಮ್ಮವರೂ ಒಮ್ಮೆ ಇಟ್ಟು ನೋಡಿ, ಯಾರೂ ನೋಡಲಿಲ್ಲವೆಂದುಕೊಂಡು ಇನ್ನೊಮ್ಮೆ ಇಟ್ಟರು. ಓಣಿಯ ಹೆಂಗಸರು ಬಂದು ಕೈಹಾಕಿ ಹೋದರು. ತಟ್ಟೆಯನ್ನು ಮಗ್ಗದ ಕೋಣೆಯ ಕಿಟಕಿಯಲ್ಲಿಟ್ಟೆವು, ಅತ್ತೆಯ ಕೈಗೆ ಹತ್ತಿರವಾಗಲಿ ಎಂದು.

ನೋಡಲು ಬಂದವರಲ್ಲಿ ರಾಜೂರಿನ ಚಿಗವ್ವನೂ ಒಬ್ಬಳು. ನಮ್ಮ ಮಾವನವರ ತಮ್ಮನ ಹೆಂಡತಿ. ಊರೂರಿನ ವಾಟ್ಸಪ್ ಸಂದೇಶಗಳೆಲ್ಲ ಮೊದಲು ಅವಳ ಫೋನಿಗೆ ಬಂದು, ಅಲ್ಲಿ ವಿಶ್ರಾಂತಿ ತೆಗೆದುಕೊಂಡು, ಆಮೇಲೆ ಬೇರೆಯವರಿಗೆ ಹೋಗುತ್ತವೆ. ಚಿಗವ್ವ ತಟ್ಟೆಯ ಸುತ್ತ ಒಂದು ಸುತ್ತು ಹಾಕಿ, ಸೊಂಟದ ಕೀಲಿಗೊಂಚಲು ಬಿಚ್ಚಿ ಅದರ ಮೇಲಿಟ್ಟಳು. ಕೀಲಿ ಬಿಸಿಯಾಯಿತು. ಮುಟ್ಟಿ ನೋಡಿ ಕೈ ಹಿಂದಕ್ಕೆಳೆದು, ಕೀಲಿ ಅಲ್ಲೇ ಬಿಟ್ಟು ಗೋಡೆಗೆ ಒರಗಿದಳು.

"ಬೆಂಕಿ ಇಲ್ಲ, ವಯರಿಲ್ಲ, ಕಬ್ಬಿಣ ಕಾಯಾಕತ್ತೈತಿ! ಇನ್ನ ಅಕ್ಕಾನ ಎದಿಯಾಗಿನ ಡಬ್ಬಿ ಕಾಯಂಗಿಲ್ಲೇನವಾ?"

"ಅತ್ತಿ ತಟ್ಟಿ ಮ್ಯಾಲೆ ಮಲಗಿದ್ರ ಕಾಯ್ತೈತಿ ಚಿಗವ್ವ. ಯಾರ ಮಲಗ್ತಾರ?" ಎಂದೆ ನಾನು.

ಎಲ್ಲರೂ ನಕ್ಕರು. ಚಿಗವ್ವ ನಗಲಿಲ್ಲ. ಕೀಲಿಯನ್ನು ಸೆರಗಿನಲ್ಲಿ ಹಿಡಿದೆತ್ತಿಕೊಂಡು ಬಸ್ಸಿಗೆ ನಡೆದಳು.

ಹೊಸ ಫೋನಿಗೆ ಒಂದೇ ದೋಷ, ಅದು ಅತ್ತೆಯ ಎಲಿ-ಅಡಿಕಿ ಚೀಲದಲ್ಲಿ ಹಿಡಿಯುತ್ತಿರಲಿಲ್ಲ. ಹಳೆಯ ಫೋನು ಸೊಂಟದ ಆ ಚೀಲದಲ್ಲೇ ಇರುತ್ತಿತ್ತು. ಮಗ್ಗಕ್ಕೆ ಕೂತ ಮೇಲೆ ಫೋನು ಇಡಲು ಬೇರೆ ಜಾಗವೂ ಇಲ್ಲ. ಎದುರಿಗೆ ಹಾಸಿದ ನೂಲು, ಪಕ್ಕದಲ್ಲಿ ಲಾಳಿ ಓಡುವ ದಾರಿ, ಕೆಳಗೆ ಕುಣಿ. ಹೀಗಾಗಿ ಅತ್ತೆ ಅದನ್ನು ಕುಬಸದೊಳಗೆ ತುರುಕಿಕೊಳ್ಳತೊಡಗಿದರು. ನಮ್ಮ ಕಡೆಯ ಹೆಂಗಸರ ಕುಬಸವೆಂದರೆ ಅದರಲ್ಲಿ ಏನಿಲ್ಲ? ಬಸ್ಸಿನ ಟಿಕೇಟು, ಮಡಚಿದ ನೋಟು, ಗುಳಿಗೆಯ ಚೀಟಿ, ಸಂತೆಯಲ್ಲಿ ಕೊಂಡ ಪಿನ್ನು. ನನ್ನದೂ ಅಲ್ಲೇ, ಚಿಗವ್ವನದೂ ಅಲ್ಲೇ, ನಾದಿನಿಯದೂ ಅಲ್ಲೇ. ಅಲ್ಲಿಟ್ಟದ್ದನ್ನು ಇಟ್ಟಿದ್ದೇವೆ ಎಂದು ಯಾರೂ ಎಣಿಸುವುದಿಲ್ಲ.

ಮೊದಲ ಸಲ ತಲೆ ತಿರುಗಿದ್ದು ಒಂದು ಮುಂಜಾನೆ. ಮಗ್ಗದ ಸದ್ದು ನಿಂತಿತು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಸದ್ದು ನಿಂತರೆ ಅತ್ತೆ ನೂಲು ಕಡಿದುದನ್ನು ಗಂಟು ಹಾಕುತ್ತಿರಬೇಕು ಅಂದುಕೊಳ್ಳುವುದು ರೂಢಿ. ಆದರೆ ಸದ್ದು ಮತ್ತೆ ಶುರುವಾಗಲಿಲ್ಲ. ಹೋಗಿ ನೋಡಿದರೆ, ಅತ್ತೆ ಮಗ್ಗದ ದಿಂಡಿನ ಮೇಲೆ ಹಣೆಯಿಟ್ಟು ಕೂತಿದ್ದಾರೆ. ಮೈಯೆಲ್ಲ ಬೆವರು.

"ಎದ್ಯಾಗ ಯಾರೋ ಬ್ಯಾರೇ ಮಗ್ಗ ಹೂಡ್ಯಾರ ನೋಡವಾ," ಅಂದರು, "ನಾ ತುಳಿಯೂದ ಒಂದು, ಅದು ಹೊಡಿಯೂದ ಒಂದು."

ಎತ್ತಿ ಹೊರಗೆ ತಂದು, ಚಾಪೆಯ ಮೇಲೆ ಮಲಗಿಸಿ, ಕುಬಸದ ಗುಂಡಿ ಬಿಚ್ಚಿ, ಒಳಗಿನ ಸಂಸಾರವನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು ಗಾಳಿ ಹಾಕಿದೆ. ಸ್ವಲ್ಪ ಹೊತ್ತಿಗೆಲ್ಲ ಅತ್ತೆ ಕಣ್ಣು ತೆರೆದು, "ರೊಟ್ಟಿ ಸೀದಾಕತ್ತಾವು, ವಾಸ್ನಿ ಬರಾಕತ್ತೈತಿ" ಅಂದರು. ಊರಿನ ದವಾಖಾನೆಗೆ ಒಯ್ದೆವು. ಎದೆಗೆ ವಯರು ಹಚ್ಚಿ ಇಸಿಜಿ ತೆಗೆದರು. ಎಲ್ಲ ಚಲೋ ಇದೆ, ಬಿಸಿಲಿಗೆ ಹಾಗಾಗಿರಬೇಕು, ನೀರು ಜಾಸ್ತಿ ಕುಡಿಸಿರಿ ಎಂದು ಕಳಿಸಿದರು.

ಆದರೆ ಅದು ಮತ್ತೆ ಬಂತು. ಆಮೇಲೆ ಮತ್ತೆ. ಪ್ರತಿ ಸಲ ಮಗ್ಗದ ಮೇಲೆಯೇ. ಅಂಗಳದಲ್ಲಿ ಕೂತಾಗ ಇಲ್ಲ, ಸಂತೆಗೆ ಹೋದಾಗ ಇಲ್ಲ. ಪ್ರತಿ ಸಲ ನಾನು ಮಲಗಿಸಿ ಗಾಳಿ ಹಾಕಿದರೆ ಸರಿಹೋಗುತ್ತಿತ್ತು, ಪ್ರತಿ ಸಲ ಇಸಿಜಿ ನೆಟ್ಟಗೆ ಬರುತ್ತಿತ್ತು. ನಾದಿನಿ ರೋಣದಿಂದ ದಿನಾ ಫೋನು ಮಾಡಿ ಅಳುತ್ತಿದ್ದಳು. ಚಿಗವ್ವ ರಾಜೂರಿನಿಂದ ದಿನಾ ಫೋನು ಮಾಡಿ ಹೇಳಿದಳು, "ನಾ ಅವತ್ತ ಹೇಳಿದ್ನಿಲ್ಲೋ? ಆ ತಟ್ಟಿ ತೆಗೀರಿ ಮದ್ಲ!"

ತಟ್ಟೆಯನ್ನು ಕಿಟಕಿಯಿಂದ ತೆಗೆದೆವು. ನಮ್ಮವರು ಅದನ್ನು ಅಡುಗೆಮನೆಗೆ ಒಯ್ದರು. ಒಂದು ಗೇಣಷ್ಟೇ ಅಂದಿದ್ದರು ಡಾಕ್ಟರು, ಇವರು ಮೊಳದಲ್ಲಿ ಅಳೆದು ನೆಲದ ಮೇಲೆ ಅರಿಶಿನದ ಗೆರೆ ಎಳೆದರು, ಅತ್ತೆ ಆ ಗೆರೆ ದಾಟಬಾರದು ಎಂದು. ಅತ್ತೆ ಸ್ವಂತ ಅಡುಗೆಮನೆಯ ಗೆರೆಯಾಚೆ ನಿಂತು, "ಉಪ್ಪು ಕೊಡವಾ, ನಾ ಬರೂಹಂಗಿಲ್ಲ, ಮಗ ಗಡಿ ಹಾಕ್ಯಾನ" ಎಂದು ಕೈ ಚಾಚುತ್ತಿದ್ದರು. ನನಗೋ ನಗು ತಡೆಯಲಾಗದೆ ಉಪ್ಪಿನ ಬದಲು ಸಕ್ಕರೆ ಕೊಟ್ಟದ್ದೂ ಉಂಟು.

ತಟ್ಟೆ ಅಡುಗೆಮನೆಗೆ ಹೋದ ಮೇಲೆ ತಲೆತಿರುಗು ಹೆಚ್ಚಾಯಿತು. ತಟ್ಟೆ ಪಡಸಾಲೆಗೆ ಬಂತು. ಇನ್ನೂ ಹೆಚ್ಚಾಯಿತು. ಕಡೆಗೆ ಅದನ್ನು ಹಿತ್ತಲಿನ ಎಮ್ಮೆ ಕೊಟ್ಟಿಗೆಯಲ್ಲಿ, ಬಲ್ಬಿನ ಸ್ವಿಚ್ಚಿನ ಪಕ್ಕ ಒಂದು ಮಣೆಯ ಮೇಲಿಟ್ಟೆವು. ಅತ್ತೆಯ ಫೋನು ಮುಂಜಾನೆ ಎಮ್ಮೆಯ ಜೊತೆ ಚಾರ್ಜ್ ಆಗಿ ಬರುತ್ತಿತ್ತು. ಅಷ್ಟು ದೂರ ಮತ್ತೆ ಮತ್ತೆ ಓಡಾಡುವವರು ಯಾರು? ಒಮ್ಮೆ ತಂದುಕೊಟ್ಟರೆ ಅತ್ತೆ ಅದನ್ನು ಸಂಜೆಯವರೆಗೂ ಕೆಳಗಿಡುತ್ತಿರಲಿಲ್ಲ. ತಲೆತಿರುಗು ದಿನಕ್ಕೆರಡು ಸಲ ಬರತೊಡಗಿತು.

ಇಷ್ಟರಲ್ಲಿ ಎಮ್ಮೆ ಹಾಲು ಕಡಿಮೆ ಮಾಡಿತು. ಗಬ್ಬಾದ ಎಮ್ಮೆ, ಹಾಲು ಬತ್ತಿಸುವ ಕಾಲ, ಅದರ ಪಾಡಿಗೆ ಅದು ಕಡಿಮೆ ಮಾಡಿತು. ಚಿಗವ್ವ ಓಡಿ ಬಂದಳು. "ನೋಡ್ರಿ! ಎಮ್ಮಿಗೂ ಬಡೀತು!" ಎಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೂಗಿದಳು. ನಾನು ಸೆಗಣಿ ಬುಟ್ಟಿ ಕೆಳಗಿಟ್ಟೆ.

"ಚಿಗವ್ವ, ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ಅಂಥಾದ್ದರಾಗ ನೀ ಈ ಎಮ್ಮಿಗೂ ಇಸಿಜಿ ತೆಗಸಂತೀಯೇನ?"

"ತೆಗಿಸಿದ್ರ ತಪ್ಪೇನೈತಿ?" ಅಂದಳು. ಅವಳ ಮುಖದಲ್ಲಿ ಎಳ್ಳಷ್ಟೂ ನಗುವಿರಲಿಲ್ಲ. ಆ ಮುಖ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅತ್ತೆ ಒಳಗಿನಿಂದ ನಕ್ಕರು, ಕಡೆಗೆ ಚಿಗವ್ವನೂ ನಕ್ಕಳು. ಆ ದಿನಗಳೇ ಹಾಗಿದ್ದವು. ಹೆದರಿಕೆ ಹೆಚ್ಚಾದಷ್ಟೂ ನಮಗೆ ನಗು ಹೆಚ್ಚು ಬರುತ್ತಿತ್ತು, ಸುಮ್ಮನಾದರೆ ಅಳಬೇಕಾಗುತ್ತಿತ್ತು.

ನಗದೇ ಇದ್ದವರು ನಮ್ಮವರೊಬ್ಬರೇ. ಒಂದು ಸಂಜೆ ಅಂಗಡಿಯಿಂದ ಬಂದವರು ಕೈಕಾಲು ತೊಳೆಯದೆ ಪಡಸಾಲೆಯಲ್ಲಿ ಕೂತರು. ಮನೆ ಮುಂದೆ ಟಂಟಂ ಗಾಡಿ ಬಂದು ಒಂದು ಹೇರು ಗರಸು ಮಣ್ಣು ಸುರಿದು ಹೋಯಿತು.

"ಇದ ಯಾಕ್ರಿ?" ಎಂದೆ.

"ಕುಣಿ ಮುಚ್ಚಾಕ," ಅಂದರು. "ಈಗ ಹಾಸಿದ ನೂಲು ಕತ್ತರಿಸಿ ತೆಗ್ಯೂದು, ಮಗ್ಗ ಬಿಚ್ಚೂದು. ಸೋಮವಾರ ಬಡಿಗ್ಯಾರು ಬರ್ತಾರ. ತಟ್ಟಿ ಕೊಟ್ಟಿಗಿಗೆ ಹೋದ್ರೂ ತಲಿ ತಿರಗತೈತಿ ಅಂದ್ರ ತಟ್ಟಿ ಅಲ್ಲ ಅದು. ಮಗ್ಗಾನ ಯವ್ವನ್ನ ಕೊಲ್ಲಾಕತ್ತೈತಿ."

ಅತ್ತೆ ಕುಣಿಯಲ್ಲೇ ಇದ್ದರು. ಮಾತು ಕೇಳಿಸಿತು. ಲಾಳಿ ನಿಂತಿತು. ಮೆಲ್ಲಗೆ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ನಾನು ಒಂದು ಜಗಳ ನಿರೀಕ್ಷಿಸಿದ್ದೆ, ಅವರ ಗಂಟಲಿಗೆ ನಾನೇನು ಹೊಸಬಳೇ? ಆದರೆ ಅವರು ಸಣ್ಣ ದನಿಯಲ್ಲಿ, "ಕುಣಿ ಮುಚ್ಚಿದ್ರ ನಾ ಕಾಲು ಎಲ್ಲಿಡ್ಲೋ ತಮ್ಮಾ?" ಅಂದರು.

ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವರು ನಮ್ಮವರು. ಇಬ್ಬರು ಮಕ್ಕಳನ್ನು ಆ ಕುಣಿಯಲ್ಲಿ ಕೂತೇ ಸಾಕಿದ್ದರು ಅತ್ತೆ. ಒಂದು ಕಾಲದಲ್ಲಿ ಹಸುಗೂಸಾಗಿದ್ದ ನಮ್ಮವರನ್ನು ಮಡಿಲಲ್ಲಿ ಮಲಗಿಸಿಕೊಂಡು ಲಾಳಿ ಎಸೆದವರು. ಅವರಿಗೆ ಮಗ್ಗ ಬೇಕು, ಇವರಿಗೆ ತಾಯಿ ಬೇಕು. ನಡುವೆ ನಿಂತ ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರ ಮೇಲೂ ಕರುಳು.

"ಸೋಮವಾರ ಬಡಿಗ್ಯಾರು ಬರೂಕಿಂತ ಮದ್ಲ ಹುಬ್ಬಳ್ಳಿಗೆ ಹೋಗಿ ಬರೂಣು," ಎಂದೆ. "ಡಬ್ಬಿ ಇಟ್ಟಾವ್ರನ್ನ ಕೇಳೂಣು. ಅವ್ರು ಮುಚ್ಚಂದ್ರ ನಾನ ಸಲಿಕಿ ಹಿಡದು ಮುಚ್ಚತೀನಿ. ಅನ್ಲಿಲ್ಲ ಅಂದ್ರ ಆ ಗರಸಿನಾಗ ನಿಮ್ಮನ್ನ ಮುಚ್ಚತೀನಿ."

ನಮ್ಮವರು ಒಪ್ಪಿದರು. ನನಗೆ ಹೆದರಿ ಒಪ್ಪಿದರೋ, ಅವರಿಗೂ ಅದೇ ಬೇಕಿತ್ತೋ, ನನಗೆ ಇನ್ನೂ ಗೊತ್ತಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಬಾಡಿಗೆ ಗಾಡಿಯಲ್ಲಿ ಹೊರಟೆವು. ರೋಣದಲ್ಲಿ ನಾದಿನಿ ಹತ್ತಿದಳು, ಹತ್ತುವಾಗಲೇ ಅಳು. ನರಗುಂದದಲ್ಲಿ ನನ್ನ ಅವ್ವ ರಸ್ತೆಗೇ ಬಂದು ಬುತ್ತಿ ಕೊಟ್ಟಳು: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಬದನೆಕಾಯಿ ಎಣ್ಣೆಗಾಯಿ. ಕಪ್ಪು ನೆಲದ ಹೊಲಗಳ ನಡುವೆ ಗಾಡಿ ಓಡುತ್ತಿತ್ತು. ಅತ್ತೆ ಎಲ್ಲರಿಗಿಂತ ಹೆಚ್ಚು ತಿಂದರು. "ಯವ್ವಾ, ಜರಾ ಕಡಿಮಿ ತಿನ್ನ, ಇಸಿಜಿ ಐತಿ" ಎಂದಳು ನಾದಿನಿ. "ಇಸಿಜಿ ಎದೀದು ತಗೀತಾರ, ಹೊಟ್ಟೀದಲ್ಲ" ಅಂದರು ಅತ್ತೆ. ಅಳುತ್ತಿದ್ದ ನಾದಿನಿ ನಕ್ಕಳು, ನಕ್ಕದ್ದಕ್ಕೆ ಮತ್ತೆ ಅತ್ತಳು.

ಡಾಕ್ಟರಮ್ಮ ಅದೇ ಹಳಬರು. ನರ್ಸು ಅತ್ತೆಯನ್ನು ಮಂಚದ ಮೇಲೆ ಮಲಗಿಸುವ ಮೊದಲು ಅತ್ತೆ ರೂಢಿಯಂತೆ ಕುಬಸದೊಳಗಿನ ಸಾಮಾನೆಲ್ಲ ತೆಗೆದು ನನ್ನ ಕೈಗೆ ಕೊಟ್ಟರು, ನಾನು ನನ್ನ ಚೀಲಕ್ಕೆ ಹಾಕಿಕೊಂಡೆ. ಇಸಿಜಿ ತೆಗೆದರು. ಡಬ್ಬಿಯ ಮೇಲೆ ಯಂತ್ರದ ತಲೆಯಿಟ್ಟು ಅದರ ಜೊತೆ ಮಾತಾಡಿದರು. ಎಲ್ಲ ಸರಿ, ಬ್ಯಾಟರಿ ಸರಿ, ತಂತಿ ಸರಿ. ಅತ್ತೆ ಎದ್ದು ಕೂತು, ಕುಬಸ ಸರಿಮಾಡಿಕೊಂಡು, ಸಾಮಾನು ವಾಪಸು ತಗೊಂಡು ಅಲ್ಲಲ್ಲೇ ಇಟ್ಟುಕೊಂಡು ಡಾಕ್ಟರಮ್ಮನ ಮೇಜಿನೆದುರು ಬಂದು ಕೂತರು.

"ತಲಿ ತಿರಗೂದು ಯಾವಾಗ್ರಿ ಆಯಿ?" ಎಂದು ಡಾಕ್ಟರಮ್ಮ ಕೇಳಿದರು.

"ಮಗ್ಗದ ಮ್ಯಾಲ ಕುಂತಾಗ್ರಿ," ಎಂದು ನಮ್ಮವರೇ ಮುಂದೆ ಬಿದ್ದು ಹೇಳಿದರು.

"ಮಗ್ಗ ಕಟ್ಟಿಗೀದು. ಕಟ್ಟಿಗಿ ಏನ ಮಾಡ್ತೈತ್ರಿ ಡಬ್ಬಿಗೆ?"

"ಮತ್ತ ವಯರಿಲ್ಲದ ಚಾರ್ಜಿಂಗ್ ತಟ್ಟಿ ಐತ್ರಿ," ಎಂದಳು ನಾದಿನಿ, ಅಪರಾಧಿಯಂತೆ. "ನಾನ ಕೊಡಿಸಿದ್ದು."

"ಎಷ್ಟು ದೂರ ಇಟ್ಟೀರಿ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಡೆಗೆ ನಾನೇ ಹೇಳಬೇಕಾಯಿತು. "ಎಮ್ಮಿ ಕೊಟ್ಟಿಗ್ಯಾಗ್ರಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. ತಟ್ಟೆಯ ಪ್ರಭಾವ ಬೆರಳಿನಷ್ಟೆತ್ತರದಲ್ಲೇ ಸೋತುಹೋಗುತ್ತದೆ, ಅದಕ್ಕೇ ಫೋನು ಅದಕ್ಕೆ ಅಂಟಿ ಕೂರಬೇಕು, ಗೇಣು ದೂರವಿದ್ದರೆ ಸಾಕು, ಎಮ್ಮೆಗೆ ತೊಂದರೆ ಕೊಡಬೇಡಿ ಎಂದು ಹೇಳುತ್ತಿದ್ದರು. ಅಷ್ಟರಲ್ಲಿ ಎಲ್ಲಿಂದಲೋ ಜೋರಾಗಿ ರಿಂಗಾಯಿತು. ಡಾಕ್ಟರಮ್ಮ ತಮ್ಮ ಫೋನು ನೋಡಿಕೊಂಡರು. ನಮ್ಮವರು ಜೇಬು ಮುಟ್ಟಿಕೊಂಡರು. ಅತ್ತೆ ಯಾವ ಗಡಿಬಿಡಿಯೂ ಇಲ್ಲದೆ ಎಡಗಡೆ ಸೆರಗಿನೊಳಗೆ ಕೈಹಾಕಿ, ಡಬ್ಬಿಯ ಮೇಲಿನಿಂದ ನೇರವಾಗಿ ಆ ದೊಡ್ಡ ಫೋನನ್ನು ಎಳೆದು ತೆಗೆದು, ಬಲಗಿವಿಗೆ, ಸರಿಯಾಗಿ ಬಲಗಿವಿಗೇ ಹಿಡಿದರು.

"ಹಲೋ! ಹೌದವಾ, ಡಾಕ್ಟರ ಮುಂದ ಕುಂತೀವಿ. ತಟ್ಟೀದಲ್ಲಂತ. ಎಮ್ಮೀದೂ ಅಲ್ಲಂತ."

ಚಿಗವ್ವನ ಫೋನು. ಮಾತು ಮುಗಿಸಿ ಅತ್ತೆ ಫೋನನ್ನು ಮತ್ತೆ ಅದೇ ಜಾಗಕ್ಕೆ ಇಳಿಸಿದರು. ಡಾಕ್ಟರಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಆಯಿ, ಅದನ್ನ ದಿನಾಲೂ ಅಲ್ಲೇ ಇಡ್ತೀರೇನು?"

"ಮತ್ತೆಲ್ಲಿಡೂದ್ರಿ?" ಅಂದರು ಅತ್ತೆ, ನಿಜವಾಗಿಯೂ ಆಶ್ಚರ್ಯದಿಂದ. "ನೀವ ಹೇಳಿದಂಗ ಮಾತಾಡೂದು ಬಲಗಿವ್ಯಾಗ. ಒಂದಿನಾನೂ ತಪ್ಪಿಲ್ಲ ನೋಡ್ರಿ."

ಮತ್ತೆ ಮಂಚಕ್ಕೆ. ಮತ್ತೆ ವಯರು. ಈ ಸಲ ಪರದೆ ನಮ್ಮ ಕಡೆ ತಿರುಗಿಸಿದರು. ಹಸಿರು ಗೆರೆ ಏರುತ್ತ ಇಳಿಯುತ್ತ ನಿಧಾನವಾಗಿ ನಡೆದಿತ್ತು. ಡಾಕ್ಟರಮ್ಮ ಫೋನನ್ನು ಡಬ್ಬಿಯ ಮೇಲೆ ಇಟ್ಟರು. ಗೆರೆ ತಟಕ್ಕನೆ ದಾರಿ ಬದಲಿಸಿ, ಒಂದೇ ಅಳತೆಯಲ್ಲಿ ಬಿರಬಿರನೆ ಓಡತೊಡಗಿತು. ಫೋನು ತೆಗೆದರು. ಗೆರೆ ತಿರುಗಿ ತನ್ನ ನಡಿಗೆಗೆ ಬಂತು.

ತಟ್ಟೆಗೆ ಕಚ್ಚಿಕೊಳ್ಳಲೆಂದು ಫೋನಿನ ಬೆನ್ನಿಗಿಟ್ಟ ಅಯಸ್ಕಾಂತ ಅದು. ಡಬ್ಬಿಗೆ ಅಯಸ್ಕಾಂತ ತಾಕಿದರೆ ಎದೆಯ ಮಾತು ಕೇಳುವುದನ್ನು ಬಿಟ್ಟು ತನ್ನದೇ ತಾಳ ಹಾಕುತ್ತದಂತೆ. ಪರೀಕ್ಷೆಗೆಂದು ಡಾಕ್ಟರುಗಳೇ ಹಾಗೆ ಇಟ್ಟು ನೋಡುತ್ತಾರಂತೆ. ಮಗ್ಗದ ಮೇಲೆ ಮುಂದಕ್ಕೆ ಬಾಗಿದಾಗ ಫೋನು ಡಬ್ಬಿಗೆ ಒತ್ತಿ ಕೂರುತ್ತಿತ್ತು. ಮಲಗಿಸಿ ಫೋನು ತೆಗೆದಿಟ್ಟ ಕೂಡಲೇ ಸರಿಹೋಗುತ್ತಿತ್ತು, ಇಸಿಜಿಗೂ ಅದನ್ನು ತೆಗೆದೇ ಮಲಗುತ್ತಿದ್ದರು. ನಾವು ತಟ್ಟೆಯನ್ನು ದೂರ ದೂರ ಒಯ್ದಷ್ಟೂ ಫೋನು ಅವರ ಎದೆಯ ಮೇಲೆ ಹೆಚ್ಚು ಹೊತ್ತು ಕೂತಿತು.

"ಬಗಲಾಗ ಕೂಸು ಇಟಗೊಂಡು ಊರೆಲ್ಲಾ ಹುಡುಕಿದ್ರಂತ!" ಎಂದು ನಾನು ಹಣೆ ಬಡಿದುಕೊಂಡೆ. ನಗು ಎಲ್ಲಿತ್ತೋ, ಉಕ್ಕಿ ಬಂತು. ನಾದಿನಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಕ್ಕಳು. ನರ್ಸು ಗೋಡೆಯ ಕಡೆ ಮುಖ ತಿರುಗಿಸಿ ನಕ್ಕಳು. ಮಂಚದ ಮೇಲಿದ್ದ ಅತ್ತೆಗೆ ಮಾತ್ರ ಪರದೆಯ ಮೇಲೇ ಕಣ್ಣು.

"ಡಾಕ್ಟರ ಬಾಯಾರ, ಇನ್ನೊಮ್ಮೆ ಇಟ್ಟು ತೋರಸ್ರಿ," ಅಂದರು. "ಭಾಳ ಚಂದ ಓಡತೈತಿ."

"ಆಯಿ, ಇದು ಆಟ ಅಲ್ರಿ!" ಎಂದು ಡಾಕ್ಟರಮ್ಮ ಫೋನನ್ನು ಮೇಜಿನ ಆ ತುದಿಗೆ ಸರಿಸಿದರು.

ನಮ್ಮವರು ಮೂಲೆಯಲ್ಲಿ ನಿಂತಿದ್ದರು. ಇದೆಲ್ಲ ಆದ ಮೇಲೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು. "ಹಂಗಾದ್ರ ಮಗ್ಗ?"

"ನೇಯ್ಲಿ ಬಿಡ್ರಿ. ಫೋನು ಮಾತ್ರ ದೂರ."

ನಮ್ಮವರು ಹೊರಗೆ ಹೋಗಿ ಬಡಿಗ್ಯಾರಿಗೆ ಫೋನು ಮಾಡಿ ಬರಬೇಡಿ ಅಂದರು. ಮರಳಿ ಬರುವಾಗ ಗಾಡಿಯಲ್ಲಿ ನಾವು ಹುಚ್ಚು ಹಿಡಿದವರ ಹಾಗೆ ನಕ್ಕೆವು. ನರಗುಂದದಲ್ಲಿ ಇಳಿದು ನನ್ನ ಅವ್ವನ ಮುಂದೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆವು. ಅವ್ವ ನಗುತ್ತ ನಗುತ್ತ ತನ್ನ ಕುಬಸದಿಂದ ಫೋನು ತೆಗೆದು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು. ಅವಳ ಎದೆಯಲ್ಲಿ ಯಾವ ಡಬ್ಬಿಯೂ ಇಲ್ಲ.

ಮರುದಿನ ಮುಂಜಾನೆ ಅತ್ತೆ ಎಣ್ಣೆ ಹಚ್ಚಿಕೊಂಡು ಮಿಂದು, ಹಣೆಗೆ ವಿಭೂತಿ ಇಟ್ಟುಕೊಂಡು ಕುಣಿಗಿಳಿದರು. ಫೋನನ್ನು ನಾನೇ ಒಂದು ಬಟ್ಟೆಚೀಲದಲ್ಲಿ ಹಾಕಿ, ಎದುರು ಗೋಡೆಯ ಮೊಳೆಗೆ ತೂಗು ಹಾಕಿದೆ. ರೋಣಕ್ಕೆ ಹೋಗದೆ ಉಳಿದಿದ್ದ ನಾದಿನಿ ಬಾಗಿಲಲ್ಲಿ ನಿಂತಳು. ನಮ್ಮವರು ಅಂಗಡಿ ತೆರೆಯದೆ ಕುಣಿಯ ದಂಡೆಯ ಮೇಲೆ ಕೂತು ತಾಯಿಯ ಮುಂಗೈ ಹಿಡಿಯಲು ಹೋದರು.

"ಕೈ ಹಿಡದ್ರ ನೇಯೂದು ಹ್ಯಾಂಗೋ?" ಎಂದು ಅತ್ತೆ ಕೈ ಬಿಡಿಸಿಕೊಂಡರು.

ಹಲಗೆ ಕೆಳಗಿಳಿಯಿತು. ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. ನಾವು ನೋಡುತ್ತಿದ್ದೆವು. ಅತ್ತೆಯ ಕೈ ಮೊದಲು ಅಳುಕುತ್ತಾ, ಆಮೇಲೆ ಸರಾಗವಾಗಿ, ಆಮೇಲೆ ನಾವಿದ್ದೇವೆ ಎಂಬುದನ್ನೇ ಮರೆತು ಓಡಿತು. ಕೆಂಪು ಅಂಚು ಬೆರಳು ಬೆರಳಾಗಿ ಬೆಳೆಯಿತು. ದಿನವೂ ತಲೆ ತಿರುಗುತ್ತಿದ್ದ ಹೊತ್ತು ಬಂತು, ದಾಟಿ ಹೋಯಿತು. ನಾದಿನಿ ನನ್ನ ಕೈ ಹಿಸುಕಿದಳು.

ಆಗ ಲಾಳಿ ನಿಂತಿತು. ಅತ್ತೆ ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು.

ನಮ್ಮವರು ಧಡಕ್ಕನೆ ಕುಣಿಗೆ ಧುಮುಕಿದರು. "ಯವ್ವಾ! ಏನಾತು? ಏ, ಫೋನ್ ಎಲ್ಲೈತಿ ನೋಡ, ಲಗೂ ನೋಡ!"

ನಾನು ಓಡಿ ಚೀಲಕ್ಕೆ ಕೈ ಹಾಕಿದೆ. ಫೋನು ಅಲ್ಲೇ ಇತ್ತು. ತಣ್ಣಗೆ, ಮೊಳೆಗೆ ತೂಗುತ್ತಾ.

"ಎದಿ ಹೊಡಕೊಳ್ಳಾಕತ್ತೈತೋ ತಮ್ಮಾ," ಅಂದರು ಅತ್ತೆ.

"ಡಾಕ್ಟರಿಗೆ ಫೋನ್ ಹಚ್ಚೂನೇನು? ಗಾಡಿ ಕರಸ್ಲೇನು? ಯವ್ವಾ, ಮಾತಾಡ!"

ಅತ್ತೆ ತಲೆಯೆತ್ತಿದರು. ಕಣ್ಣು ತುಂಬಿ, ಮುಖವೆಲ್ಲ ನಗು.

"ಖುಷಿ ಆಗೇತೋ ಹುಚ್ಚಪ್ಪಾ," ಅಂದರು. "ಖುಷಿ ಆದ್ರೂ ಡಾಕ್ಟರಿಗೆ ಹೇಳಬೇಕೇನು?"